‘ಕಸಿದುಕೊಂಡರು’ ಎಂಬುದು ‘ಕಳೆದುಕೊಂಡರು’ ಆದ ರಾತ್ರಿ: ಕುಲಪತಿಗಳಿಗೊಂದು ಬಹಿರಂಗ ಪತ್ರ

ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳೇ, ಕುಲಸಚಿವರೇ ಮತ್ತು ಸಿಂಡಿಕೇಟ್ ಸದಸ್ಯರೇ,

ಪಾಠ ಹೇಳುವ ಕೆಲಸದ ಜೊತೆಗೆ ಏಳು ವರ್ಷ ವಿದ್ಯಾರ್ಥಿನಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದು ಈಗ ನಿವೃತ್ತಳಾಗಿರುವ ನಾನು, ಯಾವುದೋ ಒಂದು ವಿಶ್ವವಿದ್ಯಾಲಯದ ಮೇಲೆ ದೂರು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ನಾನು ಕೆಲಸ ಮಾಡಿದ ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಹೆಸರಿದ್ದರೆ ಉಳಿದವರೆಲ್ಲ ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ನೆಮ್ಮದಿಯಿಂದ ಓದಿ ಮುಗಿಸಬಹುದು. ನನ್ನ ಕೋರಿಕೆ ಒಂದೇ. ನಿಮ್ಮ ಆವರಣದಲ್ಲಿ ನಡೆಯುವ ಅಪರಾಧಗಳನ್ನು ದಿನದಿನವೂ ಇದ್ದದ್ದು ಇದ್ದಂತೆ ಬರೆಯಿಸಿ, ಬರೆದದ್ದನ್ನು ವಿದ್ಯಾರ್ಥಿಗಳೂ ಅವರ ಹೆತ್ತವರೂ ನೋಡುವಂತೆ ತೆರೆದಿಡಿ. ದೀಪ, ಕ್ಯಾಮೆರಾ, ಕಾವಲು ಎಲ್ಲವೂ ಬೇಕು. ಆದರೆ ಅವನ್ನು ಎಲ್ಲಿ ಇಡಬೇಕೆಂದು ಹೇಳುವ ಪುಸ್ತಕವೇ ಸುಳ್ಳಾಗಿದ್ದರೆ ಅವು ಇದ್ದೂ ಉಪಯೋಗವಿಲ್ಲ.

ಆ ಪುಸ್ತಕ ಸುಳ್ಳಾಗುವುದನ್ನು ನಾನು ಎದುರಿಗೆ ಕುಳಿತು ನೋಡಿದ್ದೇನೆ. ಒಂದು ರಾತ್ರಿ ಎಂಟೂವರೆಯ ಹೊತ್ತಿಗೆ ಸ್ನಾತಕೋತ್ತರ ತರಗತಿಯ ಹುಡುಗಿಯೊಬ್ಬಳು ಗ್ರಂಥಾಲಯದ ಹಿಂದಿನ ರಸ್ತೆಯಿಂದ ಹಾಸ್ಟೆಲಿಗೆ ನಡೆದು ಬರುತ್ತಿದ್ದಾಗ, ಬೈಕಿನಲ್ಲಿ ಬಂದ ಇಬ್ಬರು ಅವಳ ಕೈಯಲ್ಲಿದ್ದ ಮೊಬೈಲನ್ನು ಕಿತ್ತುಕೊಂಡು ಹೋದರು. ಗೇಟಿನ ಕಾವಲು ಕೋಣೆಗೆ ನಾನು ಹೋಗುವ ವೇಳೆಗೆ ಅವಳು ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಮಣಿಕಟ್ಟಿನ ಮೇಲೆ ಉಗುರು ಗೀರಿದ ಗುರುತಿತ್ತು. ಕಾವಲಿನ ಹಿರಿಯರು ದಾರ ಕಟ್ಟಿದ ಬಾಲ್‌ಪೆನ್ನು ಹಿಡಿದು, ಉದ್ದನೆಯ ರಿಜಿಸ್ಟರಿನಲ್ಲಿ ‘ಇಬ್ಬರು ಬೈಕಿನಲ್ಲಿ ಬಂದು ಮೊಬೈಲ್ ಕಸಿದುಕೊಂಡರು’ ಎಂದು ನಿಧಾನವಾಗಿ ಬರೆದರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಂತು. ಅವರು ಎದ್ದು ನಿಂತು ಕೇಳಿಸಿಕೊಂಡರು, ಎರಡು ಸಲ ‘ಆಯ್ತು ಸರ್’ ಎಂದರು, ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟರು. ಮುಂದಿನ ವಾರ ಪರಿಶೀಲನಾ ತಂಡ ಬರುವುದಿದೆಯೆಂದೂ, ಹುಡುಗಿಗೆ ಹೆಚ್ಚೇನೂ ಆಗಿಲ್ಲವಲ್ಲ ಎಂದೂ, ಮಾತು ಸ್ವಲ್ಪ ನೋಡಿ ಬರೆಸಬೇಕೆಂದೂ ಆ ಕಡೆಯಿಂದ ಬಹಳ ವಿನಯದಿಂದಲೇ ಹೇಳಿದರು. ಫೋನು ಇಟ್ಟ ಮೇಲೆ ಕಾವಲಿನವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಅವರು ‘ಸಿ’ ಅಕ್ಷರದ ಮೇಲೆ ಪೆನ್ನನ್ನು ಒತ್ತಿ ಒತ್ತಿ ತಿದ್ದಿ ಅದನ್ನು ‘ಳೆ’ ಮಾಡಿದರು, ‘ಇಬ್ಬರು ಬೈಕಿನಲ್ಲಿ ಬಂದು’ ಎಂಬುದರ ಮೇಲೆ ಗೀಟು ಎಳೆದರು. ‘ಮೊಬೈಲ್ ಕಳೆದುಕೊಂಡರು.’ ಕೆಳಗೆ ವಾರ್ಡನ್ ಸಹಿಗೆ ಜಾಗವಿತ್ತು. ನಾನು ಸಹಿ ಹಾಕಿದೆ.

ಆ ಒಂದು ಅಕ್ಷರದಿಂದ ಏನಾಯಿತೆಂಬುದು ನನಗೆ ಗೊತ್ತಾದದ್ದು ಮುಂದಿನ ಸೆಮಿಸ್ಟರಿನಲ್ಲಿ. ಅದೇ ರಸ್ತೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿನಿ ಚೀಲ ಬಿಡದೆ ಹಿಡಿದುಕೊಂಡಿದ್ದರಿಂದ ಬೈಕಿನ ಜೊತೆಗೇ ಅಷ್ಟು ದೂರ ಎಳೆದುಕೊಂಡು ಹೋಗಿ ಬಿದ್ದು, ಕೊರಳೆಲುಬು ಮುರಿದುಕೊಂಡಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ರಾತ್ರಿ ನಾನು ಆ ರಿಜಿಸ್ಟರಿನ ಹಿಂದಿನ ಪುಟಗಳನ್ನು ತಿರುವಿ ನೋಡಿದೆ. ಗ್ರಂಥಾಲಯದ ಹಿಂದೆ ‘ಕಳೆದುಕೊಂಡ’ ಮೊಬೈಲುಗಳು ನಾಲ್ಕು ಇದ್ದವು. ನಾಲ್ಕೂ ರಾತ್ರಿ ಎಂಟರಿಂದ ಒಂಬತ್ತರ ನಡುವೆ ಕಳೆದಿದ್ದವು. ಮನುಷ್ಯರು ವಸ್ತುಗಳನ್ನು ಹೀಗೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕಳೆದುಕೊಳ್ಳುವುದಿಲ್ಲ. ಅವು ನಾಲ್ಕು ಸುಲಿಗೆಗಳು ಎಂದು ಬರೆದಿದ್ದರೆ, ಎರಡನೆಯದಕ್ಕಲ್ಲದಿದ್ದರೂ ಮೂರನೆಯದಕ್ಕೆ ಯಾರಾದರೂ ಎದ್ದು ಹೋಗಿ, ಅಲ್ಲಿನ ಎರಡು ದೀಪದ ಕಂಬಗಳು ಉರಿಯುತ್ತಿಲ್ಲವೆಂಬುದನ್ನು ಕಾಣುತ್ತಿದ್ದರು. ಆ ದೀಪಗಳು ಮತ್ತೆ ಉರಿದದ್ದು ಕೊರಳೆಲುಬು ಮುರಿದ ಮೂರನೆಯ ದಿನ.

ಹೀಗೆ ತಿದ್ದಿ ಬರೆಯಿರೆಂದು ಯಾವ ಕುಲಪತಿಯೂ ಸುತ್ತೋಲೆ ಹೊರಡಿಸುವುದಿಲ್ಲ ಎಂಬುದು ನನಗೆ ಗೊತ್ತಿದೆ. ಅದರ ಅಗತ್ಯವೇ ಬೀಳುವುದಿಲ್ಲ. ಸಂಸ್ಥೆಯ ಹೆಸರು ಕೆಡಬಾರದೆಂಬ ಒಂದು ಭಾವನೆ ಮೇಲಿನಿಂದ ಕೆಳಗಿಳಿಯುತ್ತಾ, ಪ್ರತಿಯೊಂದು ಮೆಟ್ಟಿಲಿನಲ್ಲೂ ಸ್ವಲ್ಪ ಸ್ವಲ್ಪ ಬಲವಾಗಿ, ಗೇಟಿನ ಕೋಣೆಗೆ ತಲುಪುವ ಹೊತ್ತಿಗೆ ಅಪ್ಪಣೆಯೇ ಆಗಿಬಿಟ್ಟಿರುತ್ತದೆ. ಅಲ್ಲಿ ಕುಳಿತವರು ಗುತ್ತಿಗೆ ಏಜೆನ್ಸಿಯ ನೌಕರರು. ಅವರಿಗೆ ಆ ಕೆಲಸ ಉಳಿಸಿಕೊಳ್ಳಬೇಕಾಗಿರುತ್ತದೆ. ಹಲ್ಲೆ ‘ಮಾತಿನ ಚಕಮಕಿ’ಯಾಗುತ್ತದೆ. ಹಿಂಬಾಲಿಸಿ ಕಾಡಿದ್ದು ‘ವೈಯಕ್ತಿಕ ವಿಚಾರ’ವಾಗುತ್ತದೆ. ಕೋಣೆಗೆ ನುಗ್ಗಿ ಲ್ಯಾಪ್‌ಟಾಪ್ ಕದ್ದದ್ದಕ್ಕೆ ‘ವಿದ್ಯಾರ್ಥಿಯ ಅಜಾಗರೂಕತೆ’ ಎಂಬ ಷರಾ ಬೀಳುತ್ತದೆ. ವರ್ಷದ ಕೊನೆಗೆ ಒಟ್ಟು ಲೆಕ್ಕ ನಿಮ್ಮ ಮೇಜಿಗೆ ಬಂದಾಗ ಅದರಲ್ಲಿ ಅಪರಾಧವೇ ಇರುವುದಿಲ್ಲ, ನಮ್ಮ ಆವರಣ ಶಾಂತಿಯುತವಾಗಿದೆ ಎಂದು ನೀವು ಘಟಿಕೋತ್ಸವದಲ್ಲಿ ಪ್ರಾಮಾಣಿಕವಾಗಿಯೇ ಹೇಳುತ್ತೀರಿ.

ಅಪರಾಧಗಳ ಲೆಕ್ಕವನ್ನು ತೆರೆದಿಡಬೇಕೆಂಬ ಮಾತನ್ನು ಕಾನೂನಿನಲ್ಲಿ ಬರೆಯಿಸಲು ಒಂದು ಕುಟುಂಬಕ್ಕೆ ಮಗಳನ್ನೇ ಕಳೆದುಕೊಳ್ಳಬೇಕಾಯಿತು. 1986ರ ಏಪ್ರಿಲ್ 5ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದಲ್ಲಿ 19 ವರ್ಷದ ಜೀನ್ ಕ್ಲೆರಿ ಎಂಬ ವಿದ್ಯಾರ್ಥಿನಿಯ ಮೇಲೆ ಅವಳ ಹಾಸ್ಟೆಲ್ ಕೋಣೆಯಲ್ಲೇ ಅತ್ಯಾಚಾರ ನಡೆಯಿತು, ಅವಳ ಕೊಲೆಯಾಯಿತು. ಕೊಂದವನು ಗೋಡೆ ಹಾರಿ ಬಂದ ಹೊರಗಿನವನಲ್ಲ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ತಾವಾಗಿಯೇ ಬೀಗ ಬೀಳುವ ಮೂರು ಬಾಗಿಲುಗಳಿದ್ದ ಕಟ್ಟಡ ಅದು. ಓಡಾಟಕ್ಕೆ ಅನುಕೂಲವೆಂದು ಯಾರೋ ಆ ಬಾಗಿಲುಗಳಿಗೆ ಅಡ್ಡವಿಟ್ಟು ಅವನ್ನು ತೆರೆದೇ ಇರಿಸಿದ್ದರು. ಆ ಆವರಣದಲ್ಲಿ ಹಿಂದಿನ ಮೂರು ವರ್ಷಗಳಲ್ಲಿ 38 ಹಿಂಸಾತ್ಮಕ ಅಪರಾಧಗಳು ನಡೆದಿದ್ದವೆಂಬುದು ತಂದೆತಾಯಿಗೆ ತಿಳಿದದ್ದು ಮಗಳು ಹೋದ ಮೇಲೆ. ಅವರು ಸುಮ್ಮನೆ ಕೂರಲಿಲ್ಲ. 1988ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, 1990ರಲ್ಲಿ ಇಡೀ ಅಮೆರಿಕದಲ್ಲಿ ಕಾಯ್ದೆ ಬಂತು, 1998ರಲ್ಲಿ ಅದಕ್ಕೆ ಆ ಹುಡುಗಿಯ ಹೆಸರನ್ನೇ ಇಟ್ಟರು.

ಕ್ಲೆರಿ ಕಾಯ್ದೆ ಕೇಳುವುದು ಬಹಳ ಸರಳವಾದದ್ದನ್ನು. ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿಯೊಂದು ಸಂಸ್ಥೆಯೂ ಹಿಂದಿನ ಮೂರು ವರ್ಷಗಳ ಅಪರಾಧದ ಅಂಕಿಅಂಶಗಳನ್ನು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಪ್ರಕಟಿಸಬೇಕು. ತನ್ನದೇ ಪೊಲೀಸ್ ಅಥವಾ ಭದ್ರತಾ ವಿಭಾಗ ಇರುವ ಸಂಸ್ಥೆ ದಿನವಹಿ ಅಪರಾಧ ದಾಖಲೆ ಇಡಬೇಕು, ದೂರು ಬಂದ ಎರಡು ಕೆಲಸದ ದಿನಗಳೊಳಗೆ ಅದರಲ್ಲಿ ಬರೆಯಬೇಕು, ಇತ್ತೀಚಿನ 60 ದಿನಗಳ ಪುಟಗಳನ್ನು ಕಚೇರಿಯ ಸಮಯದಲ್ಲಿ ಯಾರು ಬಂದು ಕೇಳಿದರೂ ತೋರಿಸಬೇಕು. ಏನಾಯಿತು, ಯಾವಾಗ, ಎಲ್ಲಿ, ಪ್ರಕರಣ ಈಗ ಯಾವ ಹಂತದಲ್ಲಿದೆ ಎಂಬಷ್ಟೇ ಅಲ್ಲಿರುತ್ತದೆ. ಯಾರಿಗಾಯಿತು ಎಂಬುದು ಇರುವುದಿಲ್ಲ. ಲೆಕ್ಕ ಮುಚ್ಚಿಟ್ಟವರಿಗೆ ದಂಡವಿದೆ, ಅದು ಹೆದರಿಸಲಿಕ್ಕೆ ಮಾತ್ರ ಇರುವ ದಂಡವೂ ಅಲ್ಲ: 2019ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 45 ಲಕ್ಷ ಡಾಲರ್, 2024ರಲ್ಲಿ ಲಿಬರ್ಟಿ ವಿಶ್ವವಿದ್ಯಾಲಯಕ್ಕೆ 1 ಕೋಟಿ 40 ಲಕ್ಷ ಡಾಲರ್ ಬಿದ್ದಿದೆ.

ಕಾಯ್ದೆ ಬಂದ ಮಾತ್ರಕ್ಕೆ ಸತ್ಯ ಹೊರಬಿತ್ತೆಂದು ನಾನು ಹೇಳುವುದಿಲ್ಲ. ಅಲ್ಲಿನ ಎಎಯುಡಬ್ಲ್ಯು ಎಂಬ ಮಹಿಳಾ ಸಂಘಟನೆ 2015ರ ವರದಿಗಳನ್ನು ಕೂಡಿಸಿ ನೋಡಿದಾಗ ನೂರಕ್ಕೆ 89 ಕಾಲೇಜುಗಳು ತಮ್ಮಲ್ಲಿ ಒಂದೂ ಅತ್ಯಾಚಾರ ನಡೆದಿಲ್ಲವೆಂದು ಬರೆದಿದ್ದವು. ನನ್ನ ರಿಜಿಸ್ಟರನ್ನು ಬಲ್ಲ ನನಗೆ ಆ ಸೊನ್ನೆಗಳ ಅರ್ಥ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಆ ಸೊನ್ನೆಯನ್ನು ಒಂದು ಸಂಘಟನೆ ಎತ್ತಿ ತೋರಿಸಿ, ಇದು ಹೇಗೆ ಸಾಧ್ಯ ಎಂದು ಕೇಳಲು ಆಯಿತು. ಸೊನ್ನೆಯೂ ಪ್ರಕಟವಾಗದ ಕಡೆ ಅನುಮಾನ ಪಡುವುದಕ್ಕೂ ದಾರಿಯಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಕರ್ತವ್ಯವಿದೆ, ಸಕಾಲದಲ್ಲಿ ಎಚ್ಚರಿಸುವುದು. ಅದರ ಬೆಲೆ ಏನೆಂದು 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಗೊತ್ತಾಯಿತು. ಬೆಳಗ್ಗೆ ಸುಮಾರು 7:15ಕ್ಕೆ ಹಾಸ್ಟೆಲೊಂದರಲ್ಲಿ ಇಬ್ಬರು ಗುಂಡಿಗೆ ಬಲಿಯಾದರು. ಇದು ಪರಿಚಿತರ ನಡುವಿನ ಜಗಳವಿರಬೇಕು, ಹೊಡೆದವನು ಆವರಣ ಬಿಟ್ಟು ಹೋಗಿರಬೇಕು ಎಂದು ಭಾವಿಸಲಾಯಿತು. ವಿದ್ಯಾರ್ಥಿಗಳಿಗೆ ಮೊದಲ ಇಮೇಲ್ ಹೋದದ್ದು 9:26ಕ್ಕೆ. ಅದಾಗಿ ಕಾಲು ಗಂಟೆಯೂ ಕಳೆದಿರಲಿಲ್ಲ, ಅದೇ ವ್ಯಕ್ತಿ ನಾರಿಸ್ ಹಾಲ್ ಎಂಬ ಕಟ್ಟಡದ ಬಾಗಿಲುಗಳಿಗೆ ಸರಪಳಿ ಹಾಕಿ 30 ಮಂದಿಯನ್ನು ಕೊಂದ. ಎರಡು ಗಂಟೆ ಮೊದಲೇ ತಿಳಿಸಿದ್ದರೆ ಅಷ್ಟೂ ಜೀವ ಉಳಿಯುತ್ತಿತ್ತೆಂದು ಖಚಿತವಾಗಿ ಯಾರೂ ಹೇಳಲಾರರು. ಆದರೆ ಆ ದಿನ ತರಗತಿಗೆ ಹೋಗಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲು ಅವಕಾಶವಾದರೂ ಇರುತ್ತಿತ್ತು. ಗಾಬರಿ ಹರಡಬಾರದೆಂದು ಸುದ್ದಿ ತಡೆಹಿಡಿಯುವಾಗ, ಆ ಅವಕಾಶವನ್ನೂ ಜೊತೆಗೇ ತಡೆಹಿಡಿದಿರುತ್ತೇವೆ. ಗ್ರಂಥಾಲಯದ ರಸ್ತೆಯ ಬಗ್ಗೆ ಹಾಸ್ಟೆಲಿನ ಫಲಕದಲ್ಲಿ ಎರಡು ಸಾಲು ಬರೆಸಲು ನಾನು ಹಿಂಜರಿದದ್ದೂ ಇದೇ ಕಾರಣಕ್ಕೆ.

ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ ಎಂದು ನೀವು ಹೇಳಬಹುದು, ಅದು ನಿಜ. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು 1997ರದು, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ಕಾಯ್ದೆ 2013ರದು, ವಿದ್ಯಾರ್ಥಿಗಳನ್ನೂ ಒಳಗೊಂಡ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮಾವಳಿ 2015ರದು. ಆಂತರಿಕ ದೂರು ಸಮಿತಿ 90 ದಿನಗಳಲ್ಲಿ ವಿಚಾರಣೆ ಮುಗಿಸಬೇಕು. ರ‍್ಯಾಗಿಂಗ್ ಕುರಿತ 2009ರ ನಿಯಮಾವಳಿಯಂತೆ ಮಾಹಿತಿ ಬಂದ 24 ಗಂಟೆಗಳೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕು. ಪ್ರಕರಣಗಳ ವಾರ್ಷಿಕ ವರದಿ ಆಯೋಗಕ್ಕೆ ಹೋಗಬೇಕು. ಗಮನಿಸಿ, ವರದಿ ಹೋಗುವುದು ಆಯೋಗಕ್ಕೆ. ಅದೇ ಆವರಣದಲ್ಲಿ ಇಂದು ರಾತ್ರಿ ನಡೆದುಹೋಗಬೇಕಾದ ಹುಡುಗಿಯ ಕೈಗೆ ಅದು ಬರುವುದಿಲ್ಲ. ಅಲ್ಲದೆ ಈ ನಿಯಮಗಳು ಕಿರುಕುಳ ಮತ್ತು ರ‍್ಯಾಗಿಂಗಿನ ಸುತ್ತಲೇ ಇವೆ. ಕಳವು, ಸುಲಿಗೆ, ಹಲ್ಲೆ, ಹಾಸ್ಟೆಲ್ ಕೋಣೆಗೆ ನುಗ್ಗುವುದು ಇವೆಲ್ಲ ಸೇರಿದ ದಿನವಹಿ ಲೆಕ್ಕವೊಂದನ್ನು ಇಟ್ಟು ಎಲ್ಲರಿಗೂ ತೋರಿಸುವುದು ಇನ್ನೂ ನಿಮ್ಮ ಮನಸ್ಸಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಅದಕ್ಕೆ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ, ಸಿಂಡಿಕೇಟಿನ ಒಂದು ಠರಾವು ಸಾಕು.

ಎರಡು ಆಕ್ಷೇಪಗಳು ಬರುತ್ತವೆಂದು ಬಲ್ಲೆ. ಮೊದಲನೆಯದು, ಸಂತ್ರಸ್ತರ ಗುರುತು ಹೊರಬೀಳುತ್ತದೆ ಎಂಬುದು. ಇದು ನ್ಯಾಯವಾದ ಆತಂಕ, ಅತ್ಯಾಚಾರದ ಸಂತ್ರಸ್ತರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧವೂ ಹೌದು. ಹೆಸರು, ವಿಭಾಗ, ಕೋಣೆಯ ಸಂಖ್ಯೆ ಯಾವುದೂ ಆ ದಾಖಲೆಯಲ್ಲಿ ಇರಕೂಡದು. ಸಣ್ಣ ಆವರಣದಲ್ಲಿ ಜಾಗ ಹೇಳಿದರೇ ವ್ಯಕ್ತಿ ಯಾರೆಂದು ತಿಳಿದುಬಿಡುವ ಪ್ರಕರಣಗಳಲ್ಲಿ ಜಾಗವನ್ನೂ ಬಿಡಬಹುದು. ಆದರೆ ಗೌಪ್ಯತೆಯ ಮಾತನ್ನು ಹೆಚ್ಚು ಗಟ್ಟಿಯಾಗಿ ಆಡುವವರು ಸಂತ್ರಸ್ತರಲ್ಲ, ಸಂಸ್ಥೆಗಳು ಎಂಬುದನ್ನು ನಾನು ಏಳು ವರ್ಷ ನೋಡಿದ್ದೇನೆ. ನನ್ನ ಬಳಿ ಬಂದ ಹುಡುಗಿಯರು ತಮ್ಮ ಹೆಸರು ಬೇಡವೆಂದರು. ನಡೆದದ್ದೇ ನಡೆದಿಲ್ಲ ಎನ್ನಿ ಎಂದವಳು ಒಬ್ಬಳೂ ಇರಲಿಲ್ಲ.

ಎರಡನೆಯ ಆಕ್ಷೇಪವನ್ನು ಯಾರೂ ಸಭೆಯಲ್ಲಿ ಹೇಳುವುದಿಲ್ಲ, ಸಭೆ ಮುಗಿದು ಹೊರಗೆ ನಿಂತಾಗ ಹೇಳುತ್ತಾರೆ: ಮೊದಲು ಪ್ರಕಟಿಸಿದವರೇ ಕೆಟ್ಟವರಾಗಿ ಕಾಣುತ್ತಾರೆ, ಸುಮ್ಮನಿದ್ದ ಪಕ್ಕದ ವಿಶ್ವವಿದ್ಯಾಲಯ ಒಳ್ಳೆಯದೆನಿಸಿಕೊಳ್ಳುತ್ತದೆ. ಇದು ಹುಸಿ ಭಯವಲ್ಲ. ನೀವು ಪ್ರಾಮಾಣಿಕವಾಗಿ ಬರೆಯಿಸತೊಡಗಿದ ಮೊದಲ ವರ್ಷ ಸಂಖ್ಯೆ ಏರಿಯೇ ಏರುತ್ತದೆ. ದೂರು ಕೊಟ್ಟರೆ ಕೇಳುತ್ತಾರೆಂಬ ನಂಬಿಕೆ ಹುಟ್ಟಿದರೆ ಎರಡನೆಯ ವರ್ಷವೂ ಏರಬಹುದು. ಆ ಏರಿಕೆಯನ್ನು ಅಪರಾಧ ಹೆಚ್ಚಿತೆಂದು ಓದುವ ಪತ್ರಕರ್ತರೂ ಇರುತ್ತಾರೆ. ಆದ್ದರಿಂದಲೇ ಈ ಪತ್ರವನ್ನು ಒಬ್ಬ ಕುಲಪತಿಗೆ ಬರೆಯದೆ ಎಲ್ಲರಿಗೂ ಬರೆಯುತ್ತಿದ್ದೇನೆ. ನೀವು ಹತ್ತು ಮಂದಿ ಒಂದೇ ದಿನ ಪ್ರಕಟಿಸಿದರೆ ಯಾರ ತಲೆಯೂ ಒಂಟಿಯಾಗಿ ಮೇಲೆ ಕಾಣುವುದಿಲ್ಲ.

ದಾಖಲೆ ಸರಿಯಿಲ್ಲದಿದ್ದಾಗ ಹಣ ಎಲ್ಲೆಲ್ಲಿಗೋ ಹೋಗುತ್ತದೆ. ಗಲಾಟೆಯಾದ ಮರುದಿನವೇ ಆವರಣದ ಗೋಡೆ ಎತ್ತರಿಸುವ ಮಾತು, ಕ್ಯಾಮೆರಾ ಟೆಂಡರಿನ ಮಾತು ಬರುತ್ತದೆ. ಗೋಡೆ ಹೊರಗಿನವನನ್ನು ತಡೆಯಬಹುದು. ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಹೆಚ್ಚಿನವರು ಸಂತ್ರಸ್ತರಿಗೆ ಗೊತ್ತಿದ್ದವರೇ ಎಂದು ದೇಶದೇಶಗಳ ಅಧ್ಯಯನಗಳೆಲ್ಲ ಹೇಳುತ್ತಿರುವಾಗ, ಗೋಡೆಯ ಒಳಗೇ ಇರುವವನಿಗೆ ಅದರಿಂದೇನು? ಸಿಸಿಟಿವಿ ವಾಹನ ನಿಲುಗಡೆ ಜಾಗಗಳಲ್ಲಿ ಕಳವನ್ನು ಚೆನ್ನಾಗಿಯೇ ತಗ್ಗಿಸುತ್ತದೆ, ಮನುಷ್ಯರ ಮೇಲಿನ ಹಲ್ಲೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಅಪರಾಧದ ಅಧ್ಯಯನದಲ್ಲಿ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಮುಂದಿಟ್ಟ ಮಾತೊಂದಿದೆ: ಮಾಡಬೇಕೆಂದಿರುವವನು, ಸುಲಭಕ್ಕೆ ಸಿಗುವ ಗುರಿ, ತಡೆಯಬಲ್ಲವರ ಗೈರುಹಾಜರಿ ಈ ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಕೂಡಿದಾಗ ಅಪರಾಧ ನಡೆಯುತ್ತದೆ. ಆ ಜಾಗ ಯಾವುದು, ಆ ಹೊತ್ತು ಯಾವುದು ಎಂದು ಯಾವ ಸಲಹಾ ಕಂಪನಿಯೂ ನಿಮಗೆ ಹೇಳಲಾರದು, ಗೇಟಿನ ರಿಜಿಸ್ಟರು ಹೇಳಬಲ್ಲದು. ಗ್ರಂಥಾಲಯ ರಾತ್ರಿ ಒಂಬತ್ತರವರೆಗೆ ತೆರೆದಿದ್ದು ಅದರ ಹಿಂದಿನ ರಸ್ತೆಯ ಕಾವಲಿನ ಪಾಳಿ ಎಂಟಕ್ಕೇ ಮುಗಿಯುತ್ತಿದ್ದರೆ, ಆ ಒಂದು ಗಂಟೆಯನ್ನು ಸರಿಪಡಿಸಲು ಟೆಂಡರ್ ಬೇಕಾಗಿಲ್ಲ.

ಇನ್ನೊಂದು ಪರಿಹಾರವನ್ನಂತೂ ನೀವು ಯಾವ ದಾಖಲೆಯನ್ನೂ ನೋಡದೆಯೇ ಜಾರಿ ಮಾಡುತ್ತೀರಿ, ಅದು ಹುಡುಗಿಯರನ್ನು ಬೇಗ ಒಳಗೆ ಹಾಕಿ ಬೀಗ ಜಡಿಯುವುದು. ನಾನೂ ಆ ಬೀಗದ ಕೈ ಹಿಡಿದುಕೊಂಡಿದ್ದವಳು. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ‘ಪಿಂಜ್ರಾ ತೋಡ್’, ಅಂದರೆ ಪಂಜರ ಮುರಿಯಿರಿ, ಎಂದು ಬೀದಿಗಿಳಿದಾಗ ನನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳುತ್ತೇನೆ. ಈಗ ಅವರ ಪ್ರಶ್ನೆ ಅರ್ಥವಾಗುತ್ತದೆ. ಕಸಿದವರು ಬೈಕಿನಲ್ಲಿ ತಿರುಗಾಡಿಕೊಂಡೇ ಇದ್ದರು, ಕಸಿಸಿಕೊಂಡವಳ ಹಾಸ್ಟೆಲ್ ಸಮಯ ಮಾತ್ರ ಅರ್ಧ ಗಂಟೆ ಹಿಂದಕ್ಕೆ ಸರಿಯಿತು. ಆಮೇಲೆ ಹುಡುಗಿಯರು ದೂರು ಕೊಡುವುದನ್ನೇ ನಿಲ್ಲಿಸಿದರು. ಕೊಟ್ಟರೆ ಶಿಕ್ಷೆ ತಮಗೇ ಎಂದು ಅವರು ಬೇಗ ಕಲಿತಿದ್ದರು.

ದೂರು ಪೊಲೀಸರ ಬಳಿಗೆ ಹೋಗುವುದನ್ನು ಶಿಸ್ತು ಸಮಿತಿಯ ಹೆಸರಿನಲ್ಲಿ ತಡೆಯುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಪರೀಕ್ಷೆಯಲ್ಲಿ ನಕಲು ಮಾಡಿದವನನ್ನು ವಿಚಾರಿಸಲು ಶಿಸ್ತು ಸಮಿತಿ ತಕ್ಕದ್ದು. ಹಲ್ಲೆ, ಅತ್ಯಾಚಾರ, ಸುಲಿಗೆ ವಿಶ್ವವಿದ್ಯಾಲಯದ ಆಂತರಿಕ ವಿಚಾರಗಳಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಈ ಒಂದು ವಾಕ್ಯವನ್ನು ಪ್ರವೇಶದ ದಿನ ಕೊಡುವ ಕೈಪಿಡಿಯಲ್ಲಿ, ಶುಲ್ಕದ ಪಟ್ಟಿಗಿಂತ ಮೊದಲು, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ. ಹೊಸಬರು ಆವರಣಕ್ಕೆ ಕಾಲಿಟ್ಟ ಮೊದಲ ಕೆಲವು ವಾರಗಳಲ್ಲೇ ಅಪಾಯ ಹೆಚ್ಚು. ಆಗ ಅವರಿಗೆ ಯಾರ ಬಾಗಿಲು ತಟ್ಟಬೇಕೆಂಬುದೂ ಗೊತ್ತಿರುವುದಿಲ್ಲ.

ಬರೆಯುವ ಕೈಯ ಬಗ್ಗೆಯೂ ಯೋಚಿಸಿ. ರಿಜಿಸ್ಟರು ತುಂಬಿಸುವವರು ನಿಮ್ಮ ಆಡಳಿತದಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು. ಅವರು ಬರೆದದ್ದನ್ನು ತಿದ್ದಿಸುವ ಅಧಿಕಾರ ಯಾರಿಗೂ ಇರಬಾರದು. ಸೇರಿಸಬೇಕಾದದ್ದೇನಾದರೂ ಇದ್ದರೆ ಕೆಳಗೆ ಬೇರೆ ಸಾಲಿನಲ್ಲಿ, ಬರೆಯಿಸಿದವರ ಹೆಸರು ಮತ್ತು ವೇಳೆಯ ಸಹಿತ ಬರಲಿ. ಪುಟಗಳಿಗೆ ಮೊದಲೇ ಸಂಖ್ಯೆ ಹಾಕಿಸಿ. ವಾರಕ್ಕೊಮ್ಮೆ ವಿದ್ಯಾರ್ಥಿ ಪ್ರತಿನಿಧಿಯೊಬ್ಬರು ಆ ಪುಸ್ತಕ ನೋಡಿ ಸಹಿ ಮಾಡಲಿ. ಫೋನಿನಲ್ಲಿ ಬಂದ ವಿನಯದ ಮಾತು ಆ ಹಿರಿಯರ ಪೆನ್ನನ್ನು ತಿರುಗಿಸದಂತೆ ಮಾಡಲು ಇಷ್ಟು ಸಾಕಾಗದಿರಬಹುದು, ಆದರೆ ಆ ರಾತ್ರಿ ಇಷ್ಟಾದರೂ ಇದ್ದಿದ್ದರೆ ನನಗೆ ಬಾಯಿ ತೆರೆಯಲು ಒಂದು ಆಧಾರವಿರುತ್ತಿತ್ತು.

ನಾನು ಸಹಿ ಹಾಕಿದ ಪುಟ ಇನ್ನೂ ಯಾವುದೋ ಕಪಾಟಿನಲ್ಲಿರಬೇಕು. ತಿದ್ದಿದ ಅಕ್ಷರದ ಕಡೆ ಕಾಗದ ಹರಿಯುವಷ್ಟು ತಗ್ಗಾಗಿದೆ, ಬೆರಳಿಟ್ಟರೆ ತಿಳಿಯುತ್ತದೆ. ಆ ವಿಶ್ವವಿದ್ಯಾಲಯದವರು ಇದನ್ನು ಓದಿ ತಮ್ಮದೇ ಎಂದು ಗುರುತಿಸಿ, ಹಳೆಯ ರಿಜಿಸ್ಟರುಗಳನ್ನು ತೆಗೆದು ನೋಡಲು ಸಮಿತಿ ಮಾಡುವುದಾದರೆ, ಅದರ ಮುಂದೆ ಬಂದು ಅಲ್ಲಿ ಮೊದಲು ಇದ್ದ ಪದ ಯಾವುದೆಂದೂ, ಅದನ್ನು ತಿದ್ದುವಾಗ ನಾನು ಸುಮ್ಮನೆ ಕುಳಿತಿದ್ದೆನೆಂದೂ ಬರೆದುಕೊಡಲು ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಧ್ಯಾಪಕಿ ಮತ್ತು ಹಾಸ್ಟೆಲ್ ವಾರ್ಡನ್